ಕಣ್ಣಿನ ಬಾಟಲಿ, ಬಾಯಿಯ ಬಾಟಲಿ

ನಾನು ಕಲಸಿದ ಟೊಮೇಟೊ ಸಾಸಿನ ಕೆಂಪು ಕಂಡು ಒಂದು ಸಂಜೆ ಸೂರ್ಯ ಮುಳುಗುವುದನ್ನೇ ಮರೆತು ನಿಂತುಬಿಟ್ಟ. ಊರಿನ ಕೋಳಿಗಳೆಲ್ಲ ಗೂಡಿಗೆ ಹೋಗುವುದೋ ಬಿಡುವುದೋ ತಿಳಿಯದೆ ಬೀದಿಯಲ್ಲೇ ತೂಕಡಿಸಿದವು. ಕೊನೆಗೆ ನಾನೇ ಕನಿಕರಪಟ್ಟು ಬಾಟಲಿಯ ಮೇಲೊಂದು ಒದ್ದೆ ಬಟ್ಟೆ ಮುಚ್ಚಿದೆ, ಆಮೇಲೆ ಕತ್ತಲಾಯಿತು. ನಂಬುವವರು ನಂಬಲಿ. ನಂಬದವರು ತಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆದು ನೋಡಲಿ. ಅಲ್ಲಿ ಸಾಲಾಗಿ ನಿಂತಿರುವ ಬಾಟಲಿಗಳ ಚೀಟಿಯ ಮೇಲೆ ಹೊಳೆಯುವ ಕೆಂಪು, ಹಳದಿ, ಹಸಿರುಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯವೇ.

ನನ್ನ ಕೈಯವು ಅಂದೆ. ತಿನ್ನುವಂಥವು ಅನ್ನಲಿಲ್ಲ.

ನನ್ನ ಕೆಲಸ ಒಂದು ಫೋಟೋ ಸ್ಟುಡಿಯೋದಲ್ಲಿ. ಕೆಳಗೆ ಟೈರ್ ಅಂಗಡಿ, ಮೇಲೆ ನಾವು. ಸಾಸ್, ಜಾಮ್ ಮಾಡುವ ಕಂಪನಿಗಳವರು ಬಾಟಲಿ ಹಿಡಿದುಕೊಂಡು ಬರುತ್ತಾರೆ, ಚೀಟಿಗೆ ಚಿತ್ರ ಬೇಕು ಅನ್ನುತ್ತಾರೆ. ಆದರೆ ನಿಜವಾದ ಸಾಸ್ ದೀಪದ ಬಿಸಿಗೆ ಬೆವರುತ್ತದೆ, ನೀರು ಬಿಡುತ್ತದೆ, ಮೇಲೆ ಕೆನೆಗಟ್ಟಿ ಮುದುಕನ ಮೊಣಕೈಯ ಹಾಗೆ ಸುಕ್ಕಾಗುತ್ತದೆ. ಅದನ್ನು ಯಾರು ನೋಡುತ್ತಾರೆ? ಹಾಗಾಗಿ ನಾವು ಬೇರೆಯದನ್ನು ಮಾಡುತ್ತೇವೆ. ಟೊಮೇಟೊ ಸಾಸಿಗೆ ಕೆಂಪು ಬಣ್ಣ, ಗೋಂದು, ಹೊಳಪಿಗೆ ತಲೆಗೂದಲಿಗೆ ಹಚ್ಚುವ ಜೆಲ್. ಸೋಯಾ ಸಾಸಿಗೆ ಗಾಡಿಗಳಿಂದ ಇಳಿಸಿದ ಹಳೇ ಆಯಿಲ್, ಕೆಳಗಿನ ಟೈರ್ ಅಂಗಡಿಯವನು ಡಬ್ಬ ತುಂಬ ಪುಕ್ಕಟೆ ಕೊಡುತ್ತಾನೆ. ಸಾಸಿವೆ ಸಾಸಿಗೆ ಹಳದಿ ಗ್ರೀಸು. ಬಿಳಿ ಬೆಳ್ಳುಳ್ಳಿ ಸಾಸಿಗೆ ಶೇವಿಂಗ್ ಕ್ರೀಮು ಮತ್ತು ಮೈದಾ ಅಂಟು, ಮೇಲೊಂದು ಪದರ ಗ್ಲಿಸರಿನ್. ನೋಡಿದರೆ ಬಾಯಲ್ಲಿ ನೀರೂರುತ್ತದೆ. ನನಗಂತೂ ಊರುವ ನೀರು ಬೇರೆ, ಅದು ವಾಂತಿಗೆ ಮೊದಲು ಊರುತ್ತದಲ್ಲ, ಆ ನೀರು.

ಸ್ಟುಡಿಯೋದ ಮೇಜಿನ ಮೇಲೆ ಯಾವಾಗಲೂ ಎರಡು ಬಾಟಲಿ ಇರುತ್ತವೆ. ಮುಂದೆ ನಿಲ್ಲುವುದು ಕಣ್ಣಿನ ಬಾಟಲಿ. ಅದನ್ನು ನೋಡಬೇಕು ಅಷ್ಟೆ. ಹಿಂದೆ ಮರೆಯಲ್ಲಿ ನಿಲ್ಲುವುದು ಬಾಯಿಯ ಬಾಟಲಿ. ಜಾಹೀರಾತಿನ ಹುಡುಗಿ ಬ್ರೆಡ್ಡು ಕಚ್ಚಿ ನಗಬೇಕಾದಾಗ ಅದಕ್ಕೆ ಹಚ್ಚುವುದು ಇದರಿಂದ. ನಮ್ಮಲ್ಲಿ ಇದು ಕಾನೂನು. ಹೊಸಬರು ಬಂದರೆ ಮೊದಲ ಪಾಠವೇ ಇದು: ಮುಂದಿನದನ್ನು ಮುಟ್ಟಬೇಡ, ಹಿಂದಿನದನ್ನು ತೋರಿಸಬೇಡ.

ಇನ್ನು ಸ್ಟುಡಿಯೋದ ಹಿಂದಿನ ತೊಟ್ಟಿ. ದೊಡ್ಡ ಕಲಾವಿದನಾದವನಿಗೆ ಎಲ್ಲ ಗೊತ್ತಿರಬೇಕಲ್ಲ, ಅದಕ್ಕೇ ನನಗೆ ಆ ತೊಟ್ಟಿಯೂ ಗೊತ್ತು. ಫೋಟೋ ಮುಗಿದ ಮೇಲೆ ಎಲ್ಲ ಬಾಟಲಿಗಳೂ ಅಲ್ಲಿಗೇ ಬಂದು ಬೀಳುತ್ತವೆ. ಅಂಟು, ಗ್ರೀಸು, ಹಾಳಾದ ಮೊಟ್ಟೆಯ ಲೋಳೆ, ವಿನೆಗರ್, ಬಿಸಿಲಿಗೆ ಹುಳಿತ ನಿಜವಾದ ಸಾಸು, ಎಲ್ಲ ಕಲೆತು ಅಲ್ಲೊಂದು ಬೂದುಬಣ್ಣದ ಗಂಜಿ ಆಗುತ್ತದೆ. ಅದು ಉಸಿರಾಡುತ್ತದೆ, ನನ್ನಾಣೆ. ಗುಳುಕ್ ಅಂತ ಒಂದು ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೊಂದು ಏಳುತ್ತದೆ. ಒಮ್ಮೆ ಒಂದು ಬೆಕ್ಕು ಅದರ ವಾಸನೆ ನೋಡಿ ಅಂದಿನಿಂದ ಮೀನು ಬಿಟ್ಟು ಹುಲ್ಲು ತಿನ್ನತೊಡಗಿತು. ಅದರಲ್ಲಿ ಮೊಣಕೈವರೆಗೆ ಕೈ ಅದ್ದಿದರೆ ಉಗುರಿನ ಸಂದಿಯಲ್ಲಿ ಕೂತ ಜಿಡ್ಡು ಸೋಪಿಗೂ ಬಗ್ಗುವುದಿಲ್ಲ, ಸೀಮೆಎಣ್ಣೆಗೂ ಬಗ್ಗುವುದಿಲ್ಲ. ಊಟಕ್ಕೆ ಕೂತಾಗ ಕೈ ಬಾಯಿಯ ಹತ್ತಿರ ಬಂದರೆ ಸಾಕು, ಆ ತೊಟ್ಟಿಯೇ ತಟ್ಟೆಗೆ ಎದುರಾಗಿ ಬಂದು ಕೂರುತ್ತದೆ.

ಇಂಥ ಬಾಟಲಿಗಳೇ ನಮ್ಮ ಅಕ್ಕನ ಅಡುಗೆಮನೆಗೆ ಬರುತ್ತಿದ್ದವು. ಖಾಲಿ ಬಾಟಲಿಗಳನ್ನು ನಾನು ಚೀಲದಲ್ಲಿ ತುಂಬಿಕೊಂಡು ತಂದರೆ ಅಕ್ಕ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ, ಒಣಗಿಸಿ ಸಾಸ್ ತುಂಬುತ್ತಿದ್ದಳು. ನಾನು ಇರುವುದು ಅಕ್ಕ, ಭಾವನ ಜೊತೆಗೇ. ಒಲೆಯ ಮೇಲಿನ ಹಲಗೆಯಲ್ಲಿ ಅವಳ ಸೈನ್ಯ ನಿಂತಿರುತ್ತಿತ್ತು: ಸುಟ್ಟ ಟೊಮೇಟೊ ಸಾಸು, ಸಾಸಿವೆ ಸಾಸು, ವಿನೆಗರಿನಲ್ಲಿ ಅರೆದ ಹಸಿಮೆಣಸಿನಕಾಯಿ, ಒಣದ್ರಾಕ್ಷಿಯ ಸಿಹಿಹುಳಿ, ಬಿಳಿ ಬೆಳ್ಳುಳ್ಳಿ ಸಾಸು. ಬ್ರೆಡ್ಡಿಗೆ, ಬೇಯಿಸಿದ ಮೊಟ್ಟೆಗೆ, ಹುರಿದ ಆಲೂಗಡ್ಡೆಗೆ, ಅನ್ನಕ್ಕೆ, ಯಾವುದಕ್ಕೆ ಬೇಕಾದರೂ ಒಂದಿಷ್ಟು.

ಭಾವನದು ಬಸ್ ಓಡಿಸುವ ಕೆಲಸ. ಅವನು ಊಟಕ್ಕೆ ಕೂತರೆ ನೋಡುವುದಕ್ಕೆ ಎರಡು ಕಣ್ಣು ಸಾಲದು, ಮುಚ್ಚಿಕೊಳ್ಳುವುದಕ್ಕೂ ಸಾಲದು. ಬ್ರೆಡ್ಡಿನ ಪುಡಿ ಅಂಟಿದ ಚಾಕುವನ್ನೇ ಬಾಟಲಿಗೆ ಇಳಿಸುತ್ತಾನೆ. ಬಾಟಲಿಯ ಕತ್ತಿನಿಂದ ಇಳಿಯುವ ಸಾಸನ್ನು ಬೆರಳಿನಿಂದ ಬಳಿದು ನೆಕ್ಕಿ ಅದೇ ಬೆರಳನ್ನು ಬನಿಯನ್ನಿಗೆ ಒರೆಸುತ್ತಾನೆ. ಮುಚ್ಚಳದ ಒಳಗೆ ಒಣಗಿ ಕಪ್ಪಾದ ಹಕ್ಕಳೆ ಇರುತ್ತದಲ್ಲ, ಗಾಯದ ಮೇಲಿನದರ ಹಾಗೆ, ಅದನ್ನು ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡು "ರುಚಿಯೆಲ್ಲ ಇಲ್ಲೇ ಇರೋದು ಕಣಯ್ಯಾ" ಅನ್ನುತ್ತಾನೆ. ಆಗ ನಾನು ಗೋಡೆಯ ಕಡೆ ತಿರುಗಿ ಗೋಡೆಯ ಸುಣ್ಣವನ್ನು ಬಹಳ ಆಸಕ್ತಿಯಿಂದ ನೋಡುತ್ತೇನೆ.

"ಹೇಗಿದೆ?" ಅಂತ ಅಕ್ಕ ಕೇಳಿದರೆ ಅವನದು ಒಂದೇ ಮಾತು, "ಪರವಾಗಿಲ್ಲ." ಹೊಗಳುವ ಜವಾಬ್ದಾರಿಯೆಲ್ಲ ನನ್ನದು. "ಅಕ್ಕಾ, ಇದನ್ನ ತಿಂದ ನಾಲಿಗೆ ಬೇರೆ ಊಟಕ್ಕೆ ಬರಲ್ಲ ಅಂತ ಹಟ ಹಿಡೀತಿದೆ", "ಅಕ್ಕಾ, ಈ ಹಸಿರು ಸಾಸಿನ ಒಂದು ಹನಿ ಸಮುದ್ರಕ್ಕೆ ಬಿದ್ರೆ ಮೀನುಗಳೆಲ್ಲ ದಡಕ್ಕೆ ಬಂದು ಇನ್ನೊಂದು ಹನಿ ಕೊಡಿ ಅಂತಾವೆ." ಅಕ್ಕ ನಗುತ್ತಾ, "ಸಾಕು, ನಿನ್ನ ರೈಲು ನಿಲ್ಸು" ಅನ್ನುತ್ತಿದ್ದಳು. ಆದರೆ ಕಿವಿ ಕೆಂಪಾಗುತ್ತಿತ್ತು.

ಆ ಹೊಗಳಿಕೆಯಿಂದಲೇ ಅವಳಿಗೊಂದು ಆಸೆ ಚಿಗುರಿತು. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇಸ್ತ್ರಿಯ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಹಬೆ, ದಿನವಿಡೀ ಬ್ಲೀಚಿಂಗ್ ಪುಡಿಯ ಘಾಟು. ಮನೆಗೆ ಬಂದ ಮೇಲೆ ಕೆಮ್ಮು ಶುರುವಾದರೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಆ ಕೆಲಸ ಬಿಡಿ, ಎದೆಗೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರು. ಬಿಟ್ಟು ಏನು ಮಾಡುವುದು? ನಮ್ಮ ಬೀದಿಯ ಮೂಲೆಯ ದೊಡ್ಡ ದಿನಸಿ ಅಂಗಡಿಯಲ್ಲಿ ಒಂದು ಹಲಗೆ ಸಿಕ್ಕರೆ ಸಾಕು, ತನ್ನ ಬಾಟಲಿಗಳನ್ನು ಅಲ್ಲಿಟ್ಟು ಮಾರಿ ಮನೆಯಲ್ಲೇ ಇರಬಹುದು ಎಂದು ಅವಳ ಲೆಕ್ಕ. ಒಂದೇ ಒಂದು ಹಲಗೆ. ಅದಕ್ಕಾಗಿ ಅಂಗಡಿಯ ಯಜಮಾನರನ್ನು ಹೋಗಿ ಕೇಳಿಯೇಬಿಟ್ಟಳು. ಅವರು, "ಭಾನುವಾರ ಮನೆಗೆ ಬಂದು ರುಚಿ ನೋಡ್ತೀನಿ ತಾಯಿ. ಅಡುಗೆಮನೆ ನೋಡದೆ ನಾನು ಯಾರ ಮಾಲನ್ನೂ ಒಳಗೆ ಬಿಡಲ್ಲ" ಅಂದರಂತೆ.

ಈ ಯಜಮಾನರಿಗೆ ಊರೆಲ್ಲ ಇಟ್ಟ ಹೆಸರು ಚಮಚ. ಯಾರಿಗೂ ಚಮಚ ಹಿಡಿಯುವವರು ಅಂತಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಸ್ಟೀಲ್ ಚಮಚ ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ತುಪ್ಪವೋ ಜೇನೋ ಜಾಮೋ, ಯಾರು ಏನು ತಂದರೂ ಆ ಚಮಚ ಹೊರಗೆ ಬರುತ್ತದೆ, ಅದ್ದುತ್ತದೆ, ಬಾಯಿಗೆ ಹೋಗುತ್ತದೆ, ಕರವಸ್ತ್ರದಲ್ಲಿ ಒರೆಸಿಕೊಂಡು ಜೇಬು ಸೇರುತ್ತದೆ. ಆ ಕರವಸ್ತ್ರವನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಅದರಲ್ಲಿ ಊರಿನ ಎಲ್ಲ ಅಂಗಡಿಗಳ ಚರಿತ್ರೆ ಇತ್ತು. ಹಿಂಡಿದ್ದರೆ ಒಂದು ಮನೆಗೆ ತಿಂಗಳಿಗಾಗುವಷ್ಟು ಎಣ್ಣೆ ಬರುತ್ತಿತ್ತು.

ಇನ್ನು ನನ್ನ ಬಿಳಿ ಬಾಟಲಿಯ ವಿಷಯ. ಆ ವಾರ ನಾನು ಖಾಲಿ ಬಾಟಲಿಗಳ ಜೊತೆ ಒಂದು ತುಂಬಿದ ಬಾಟಲಿಯನ್ನೂ ಮನೆಗೆ ತಂದಿದ್ದೆ. ಶೇವಿಂಗ್ ಕ್ರೀಮಿನ ಬೆಳ್ಳುಳ್ಳಿ ಸಾಸು. ಭಾವನಿಗೆ ತೋರಿಸಬೇಕಿತ್ತು, ಅವನು ಯಾವಾಗಲೂ "ನಿನ್ನ ಕಲೆ ಎಲ್ಲಯ್ಯಾ, ಒಂದಿನವಾದ್ರೂ ಕಣ್ಣಿಗೆ ಬೀಳಲಿ" ಅಂತ ಕೆಣಕುತ್ತಿದ್ದ.

"ನೋಡು ಭಾವ. ಕೈಲಾಸದಿಂದ ಇಳಿಸಿದ ಹಾಗಿಲ್ವಾ? ಸಾವಿರ ವರ್ಷ ಬಿಟ್ಟು ತೆಗೆದ್ರೂ ಹೀಗೇ ಇರುತ್ತೆ."

ಭಾವ ಮುಚ್ಚಳ ತೆಗೆದು ಮೂಸಿದ. "ಗಡ್ಡ ಕೆರೆದ ಮೇಲೆ ನನ್ನ ಕೆನ್ನೆ ಹೀಗೇ ನಾರುತ್ತೆ."

"ಮೂಸೋದಲ್ಲ, ನೋಡೋದು!"

ಅಕ್ಕ ಸೌಟಿನಿಂದಲೇ ತೋರಿಸಿದಳು. "ಲೋ, ಅದನ್ನ ತಗೊಂಡು ಹೋಗಿ ಹೊರಗೆ ಎಸೆದು ಬಾ. ತಿನ್ನೋ ಜಾಗದಲ್ಲಿ ಇಂಥದ್ದನ್ನ ಇಡ್ಬೇಡ."

ನಾನು ಎಸೆಯಲಿಲ್ಲ. ಕಲೆಯನ್ನು ಯಾರಾದರೂ ಎಸೆಯುತ್ತಾರೆಯೇ? ಫ್ರಿಜ್ಜಿನ ಹಿಂದೆ ಇಟ್ಟೆ.

ಭಾನುವಾರ ಬಂತು. ಅಕ್ಕ ನಸುಕಿಗೇ ಎದ್ದು ನೆಲ ಒರೆಸಿದ್ದಳು, ಒಲೆ ಉಜ್ಜಿದ್ದಳು, ಭಾವನಿಗೆ ಇಸ್ತ್ರಿ ಅಂಗಿ ಹಾಕಿಸಿ ಒಂದು ಮೂಲೆಯಲ್ಲಿ ಕೂರಿಸಿದ್ದಳು, ಮುಟ್ಟಬಾರದ ಸಾಮಾನಿನ ಹಾಗೆ. ಮೇಜಿನ ಮೇಲೆ ಬಾಟಲಿಗಳು, ತಟ್ಟೆಯಲ್ಲಿ ಬ್ರೆಡ್ಡಿನ ತುಂಡು, ಬೇಯಿಸಿದ ಮೊಟ್ಟೆ. ಅವಳು ಸೀರೆ ಬದಲಾಯಿಸಲು ಕೋಣೆಗೆ ಹೋದಾಗ ನಾನು ಮೇಜಿನ ಮುಂದೆ ನಿಂತು, ನುರಿತ ಕಣ್ಣಿನಿಂದ ಎಲ್ಲ ನೋಡಿದೆ. ಕೆಂಪು ಪರವಾಗಿಲ್ಲ. ಹಳದಿ ಪರವಾಗಿಲ್ಲ. ಬಿಳಿಯದನ್ನು ಕಂಡು ಮಾತ್ರ ನನ್ನ ಎದೆ ಕುಸಿಯಿತು. ರಾತ್ರಿಯಿಡೀ ನಿಂತು ಎಣ್ಣೆ ಮೇಲೆ ತೇಲಿತ್ತು. ಕೆಳಗೆ ಬಿಳಿ ಮೊಸರು ಮೊಸರು, ಮೇಲೆ ಹಳದಿ ಎಣ್ಣೆ, ನಡುವೆ ಬೂದಿಬಣ್ಣದ ಬೆಳ್ಳುಳ್ಳಿ ಚೂರುಗಳು, ಕೀವು ತುಂಬಿದ ಕುರುವಿನ ಹಾಗೆ. ಛೀ! ಇದನ್ನು ಮೊದಲು ಕಂಡ ಯಾವ ಅಂಗಡಿಯವನು ಹಲಗೆ ಕೊಡುತ್ತಾನೆ?

ಕೈ ತಾನಾಗಿಯೇ ಫ್ರಿಜ್ಜಿನ ಹಿಂದೆ ಹೋಯಿತು. ನನ್ನ ಬಿಳಿಯದನ್ನು ಮುಂದೆ ನಿಲ್ಲಿಸಿದೆ, ಅಕ್ಕನದನ್ನು ಅದರ ಹಿಂದೆ. ಎರಡೂ ಒಂದೇ ಥರದ ಬಾಟಲಿ. ಮುಂದಿನದು ಕಣ್ಣಿಗೆ, ಹಿಂದಿನದು ಬಾಯಿಗೆ. ಸ್ಟುಡಿಯೋದಲ್ಲಿ ದಿನಾ ಮಾಡುವುದು. ಮುಂದಿನದನ್ನು ಮುಟ್ಟಬಾರದು ಅಂತ ನನಗೆ ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ, ಬೇರೆಯವರಿಗೆ ಗೊತ್ತಿರುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ.

ಯಜಮಾನರು ಬಂದರು. ಅಡುಗೆಮನೆಯ ಮೂಲೆ ಮೂಲೆ ನೋಡಿದರು, ಒಲೆಯ ಕೆಳಗೆ ಬಗ್ಗಿ ನೋಡಿದರು. ಕುರ್ಚಿಯಲ್ಲಿ ಕೂತು ಚಮಚ ತೆಗೆದರು. ಟೊಮೇಟೊದಲ್ಲಿ ಅದ್ದಿ ಬಾಯಿಗೆ ಹಾಕಿ, ಚಮಚವನ್ನು ಹಿಂದೆ ಮುಂದೆ ನೆಕ್ಕಿ, ಒರೆಸದೆ ಅದನ್ನೇ ಹಸಿರಿಗೆ ಇಳಿಸಿದರು. ಹಸಿರಿನಿಂದ ಒಣದ್ರಾಕ್ಷಿಗೆ. ಎಂಜಲಿನ ಒಂದು ಎಳೆ ಚಮಚದ ತುದಿಯಿಂದ ತುಟಿಯವರೆಗೆ ಜೇಡರ ನೂಲಿನಂತೆ ಹೊಳೆದು ಕಡಿಯಿತು. ನನ್ನ ಹೊಟ್ಟೆಯೊಳಗಿದ್ದುದೆಲ್ಲ ಎದ್ದು ನಿಂತು ಬಾಗಿಲು ಎಲ್ಲಿದೆ ಎಂದು ಹುಡುಕತೊಡಗಿತು.

"ಹ್ಞೂಂ" ಅಂದರು ಯಜಮಾನರು. "ಕೈಗುಣ ಇದೆ ತಾಯಿ."

ಅಕ್ಕನ ಮುಖ ಅರಳಿತು. ಕೆಮ್ಮು ಬಂದರೂ ನುಂಗಿಕೊಂಡಳು.

"ಇದೇನು, ಬೆಳ್ಳುಳ್ಳಿಯದಾ? ಆಹಾ, ಏನು ಬಿಳುಪು! ಇಂಥ ಬಿಳುಪು ನಾನು ಕಂಡೇ ಇಲ್ಲ."

ಒಂದು ಗಳಿಗೆ ನಾನು ಹಿಗ್ಗಿಹೋದೆ, ನಿಜ ಹೇಳುತ್ತೇನೆ. ಮರುಗಳಿಗೆಯಲ್ಲೇ ಚಮಚ ಇಳಿಯುವುದು ಕಂಡಿತು. "ಯಜಮಾನ್ರೇ, ಅದು..." ಅನ್ನುವಷ್ಟರಲ್ಲಿ ಒಂದು ಗುಡ್ಡ ಬಿಳುಪು ಬಾಯೊಳಗೆ ಹೋಗಿಯೇಬಿಟ್ಟಿತ್ತು.

ಬಾಯಿ ಮುಚ್ಚಿತು. ತೆರೆಯಲಿಲ್ಲ. ಅವರ ಹುಬ್ಬುಗಳು ನಿಧಾನವಾಗಿ ಮೇಲೇರಿ ತಲೆಯ ಹಿಂಭಾಗಕ್ಕೆ ಹೋದವು. ಚಮಚವನ್ನು ಎಳೆದರು, ಬರಲಿಲ್ಲ. ಎರಡು ಕೈಯಿಂದ ಎಳೆದರು. ಪಚಕ್ ಎಂದು ಸದ್ದಾಗಿ ಚಮಚ ಹೊರಗೆ ಬಂತು, ಅದರ ಜೊತೆಗೆ ಅವರ ಮೇಲಿನ ಹಲ್ಲಿನ ಸೆಟ್ಟೂ ಬಂತು. ಮೇಜಿನ ಮೇಲೆ ಬಿದ್ದ ಆ ಗುಲಾಬಿ ಒಸಡು, ಅದರ ಸಂದಿಯಲ್ಲಿ ಹಸಿಮೆಣಸಿನಕಾಯಿಯ ಸಿಪ್ಪೆ, ಸುತ್ತ ನೊರೆ. ಬೇರೆ ದಿನವಾಗಿದ್ದರೆ ನಾನು ಅಲ್ಲೇ ಪ್ರಾಣ ಬಿಡುತ್ತಿದ್ದೆ. ಅವರ ತುಟಿಯ ಎರಡು ಮೂಲೆಗಳಿಂದ ಬಿಳಿ ನೊರೆ ಉಕ್ಕಿ ಗದ್ದದ ಮೇಲೆ ಇಳಿದು ಇಸ್ತ್ರಿ ಮಾಡಿದ ಅಂಗಿಗೆ ಜಾರಿತು.

"ಇದನ್ನ..." ಹಲ್ಲಿಲ್ಲದ ಬಾಯಿಯಿಂದ ಅವರು ಗುಳುಗುಳಿಸಿದರು, "ಇದನ್ನ ಜನಕ್ಕೆ ತಿನ್ನಿಸ್ಬೇಕು ಅಂತಿದ್ಯಾ ತಾಯಿ?"

ಅಕ್ಕ ಗಾಬರಿಯಿಂದ ಬಾಟಲಿ ಎತ್ತಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ನನ್ನ ಕಡೆ ತಿರುಗಿತು.

ನನಗೆ ತಪ್ಪೊಪ್ಪಿಕೊಳ್ಳುವ ಅಭ್ಯಾಸವಿಲ್ಲ. ಬಾಯಿ ತೆರೆದರೆ ಬರುವುದೇ ಬೇರೆ. "ಯಜಮಾನ್ರೇ, ಇದು ಹೊಸ ಪಾಕ! ದೊಡ್ಡ ದೊಡ್ಡ ಹೋಟೆಲ್‌ಗಳಲ್ಲಿ ಇದಕ್ಕೆ ಜನ ಸಾಲು ನಿಲ್ತಾರೆ. ಮೊದಲ ಸಲ ತಿಂದವರಿಗೆ ಸ್ವಲ್ಪ ಹೀಗೇ. ನಾನು ದಿನಾ ತಿಂತೀನಿ, ನೋಡಿ!" ಅಂದು ಒಂದು ಬ್ರೆಡ್ಡಿನ ತುಂಡಿಗೆ ದಪ್ಪಗೆ ಹಚ್ಚಿ ಬಾಯಿಗೆ ಹಾಕಿಕೊಂಡೆ.

ಆ ರುಚಿಯನ್ನು ಹೇಗೆ ಹೇಳಲಿ? ಕ್ಷೌರದ ಅಂಗಡಿಯ ನೆಲವನ್ನು ಗೋಡೆಗೆ ಹಚ್ಚುವ ಅಂಟಿನಲ್ಲಿ ಅದ್ದಿ, ಸ್ವಲ್ಪ ಸಕ್ಕರೆ ಉದುರಿಸಿದ ಹಾಗೆ. ಗ್ಲಿಸರಿನ್ನಿನ ಹಾಳು ಸಿಹಿ. ನಾಲಿಗೆ ಅಂಗುಳಕ್ಕೆ ಅಂಟಿತು, ಬ್ರೆಡ್ಡು ಕೆನ್ನೆಗೆ ಅಂಟಿತು. ನಗಬೇಕಿತ್ತು, ನಕ್ಕೆ. ನಕ್ಕಾಗ ಮೂಗಿನಿಂದ ಒಂದು ಗುಳ್ಳೆ ಹೊರಬಂದು ನಿಂಬೆಹಣ್ಣಿನಷ್ಟು ಊದಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಟಪ್ ಎಂದು ಒಡೆಯಿತು.

ಭಾವ ಕುರ್ಚಿಯಿಂದ ಕೆಳಗೆ ಬಿದ್ದ. ನಗುತ್ತಾ ನಗುತ್ತಾ ಬಿದ್ದ. ಬೇರೆ ಯಾರೂ ನಗಲಿಲ್ಲ.

ಯಜಮಾನರು ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಎದ್ದರು. "ಮೂರು ಬಾಟಲಿ ಚೆನ್ನಾಗಿದ್ವು, ಒಪ್ತೀನಿ. ಆದ್ರೆ ಇದನ್ನ ಬಾಟಲಿಗೆ ತುಂಬಿದ ಕೈ ನಾಳೆ ಇನ್ನೇನು ತುಂಬುತ್ತೋ ಯಾರಿಗೆ ಗೊತ್ತು? ಬೇಡ ತಾಯಿ. ಹಲಗೆ ಇಲ್ಲ."

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಕೆಮ್ಮು ಬಂತು. ಈ ಸಲ ನುಂಗಿಕೊಳ್ಳಲು ಆಗಲಿಲ್ಲ, ಬಗ್ಗಿ ಬಗ್ಗಿ ಕೆಮ್ಮಿದಳು. ಭಾವನ ನಗು ನಿಂತಿತು. ಅವನು ಎದ್ದು ಅವಳ ಬೆನ್ನು ಸವರುತ್ತಾ ನನ್ನ ಕಡೆ ನೋಡಿದ. ಹಾಗೆ ಅವನು ನನ್ನನ್ನು ಯಾವತ್ತೂ ನೋಡಿರಲಿಲ್ಲ.

"ಯಜಮಾನ್ರೇ ನಿಲ್ಲಿ" ಅಂದೆ, ಬಾಯೊಳಗಿನದನ್ನು ಕಷ್ಟಪಟ್ಟು ಕೆನ್ನೆಗೆ ಸರಿಸಿ. "ಅದು ಅಕ್ಕ ಮಾಡಿದ್ದಲ್ಲ. ನಂದು. ಸ್ಟುಡಿಯೋದ್ದು, ಫೋಟೋಕ್ಕೆ ಮಾಡೋದು. ನಾನು ಅಲ್ಲಿ ದೊಡ್ಡ ಕಲಾವಿದ. ನನ್ನ ಕೈ ಬೀಳದೆ ಅಲ್ಲಿ ಒಂದು ಬಾಟಲಿಯೂ ಹೊರಗೆ ಹೋಗಲ್ಲ."

"ಬುರುಡೆ" ಅಂದರು ಅವರು ಬಾಗಿಲಲ್ಲೇ ನಿಂತು. "ಅಕ್ಕನ್ನ ಉಳಿಸೋಕೆ ಈಗ ತಾನೇ ಹೆಣೆದದ್ದು. ಈಗಷ್ಟೇ ಹೊಸ ಪಾಕ ಅಂದೆ, ದಿನಾ ತಿಂತೀನಿ ಅಂದೆ. ಈಗ ಫೋಟೋದ್ದು ಅಂತೀಯ. ಅಷ್ಟು ದೊಡ್ಡ ಕಲಾವಿದ ಇಂಥ ಹೊಲಸನ್ನ ಚೀಲದಲ್ಲಿ ಹಾಕ್ಕೊಂಡು ಮನೆಗ್ಯಾಕೆ ತರ್ತಾನೆ? ಉಗುರಿನ ಸಂದಿಯಲ್ಲಿ ಅಷ್ಟು ಜಿಡ್ಡು ಯಾಕಿರುತ್ತೆ?"

ನಾನು ಕೈ ಬೆನ್ನ ಹಿಂದೆ ಮಾಡಿಕೊಂಡೆ.

"ಹೇಳಯ್ಯಾ" ಅಂದ ಭಾವ, ಮೆಲ್ಲಗೆ. "ಈಗಲಾದ್ರೂ ಒಂದು ನೆಟ್ಟಗಿರೋ ಮಾತು ಹೇಳು. ಅವಳನ್ನ ನೋಡು."

ನೋಡಿದೆ. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ಅಂಟಿಗೆ ಅಂಟಿಕೊಂಡಂತೆ. ಅಲ್ಲೇ ಉಗುಳಲಿಕ್ಕಾಗದೆ ಬಚ್ಚಲಿಗೆ ಓಡಿ ಎಲ್ಲವನ್ನೂ ಒಟ್ಟಿಗೆ ಉಗುಳಿ, ಬಾಯಿ ತೊಳೆದುಕೊಂಡು ಬಂದು ಹೇಳಿದೆ.

"ನಾನು ಕಲಾವಿದ ಅಲ್ಲ. ಕಲಸೋರು ಬೇರೆ, ನನಗೆ ಆ ಮೇಜಿನ ಹತ್ತಿರಾನೂ ಬಿಡಲ್ಲ. ನಾನು ಹಿಂದಿನ ತೊಟ್ಟೀಲಿ ಬಾಟಲಿ ತೊಳೆಯೋನು. ತೊಳೆಯೋಕೆ ಬಂದ ಈ ಬಾಟಲೀನ ಖಾಲಿ ಮಾಡದೆ ಕದ್ದು ತಂದೆ, ನಾನೇ ಮಾಡಿದ್ದು ಅಂತ ಭಾವನಿಗೆ ತೋರಿಸೋಕೆ. ಎಸಿ ಅಂತ ಅಕ್ಕ ಹೇಳಿದ್ಲು, ಎಸೀಲಿಲ್ಲ. ಇವತ್ತು ಚೆಂದ ಕಾಣ್ಲಿ ಅಂತ ಅವಳಿಗೆ ಗೊತ್ತಿಲ್ಲದ ಹಾಗೆ ಮುಂದಿಟ್ಟೆ. ಅವಳದ್ದು ಹಿಂದಿದೆ. ಕಾಣೋಕೆ ಚೆನ್ನಾಗಿಲ್ಲ, ಎಣ್ಣೆ ಬಿಟ್ಟಿದೆ. ಅಷ್ಟೇ ಯಜಮಾನ್ರೇ. ಬೇಕಾದ್ರೆ ನನ್ನ ಕೈ ಮೂಸಿ ನೋಡಿ."

ಕೈ ಚಾಚಿದೆ. ಅವರು ನಿಜವಾಗಿಯೂ ಬಗ್ಗಿ ಮೂಸಿದರು. ತಕ್ಷಣ ಮುಖ ಆಚೆ ತಿರುಗಿಸಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಅವರಿಗೂ ಆ ತೊಟ್ಟಿ ಕಂಡಿರಬೇಕು.

"ಇದು ಸುಳ್ಳಲ್ಲ" ಅಂದರು. "ಇಂಥ ವಾಸನೆಯನ್ನ ಯಾರೂ ಸುಮ್ಮಸುಮ್ಮನೆ ಮೈಗೆ ಹಚ್ಕೊಳ್ಳಲ್ಲ."

ಅಕ್ಕ ನೀರು ಕೊಟ್ಟಳು. ಅವರು ಬಾಯಿ ಮುಕ್ಕಳಿಸಿ, ಹಲ್ಲು ತೊಳೆದು ಕೂರಿಸಿಕೊಂಡು, ಮತ್ತೆ ಕುರ್ಚಿಗೆ ಬಂದರು. ಅಕ್ಕ ಹಿಂದಿನ ಬಾಟಲಿಯನ್ನು ಜೋರಾಗಿ ಕುಲುಕಿ ಮುಂದಿಟ್ಟಳು. ಚಮಚ ಇಳಿಯಿತು. ಬಾಯಿಗೆ ಹೋಯಿತು. ಯಜಮಾನರು ಕಣ್ಣು ಮುಚ್ಚಿ ಕೂತರು. ಎಷ್ಟು ಹೊತ್ತು ಕೂತರೆಂದರೆ ನನಗೆ ಗಡ್ಡ ಬೆಳೆಯಿತು. ಆಮೇಲೆ ಮಾತಿಲ್ಲದೆ ಇನ್ನೊಂದು ಚಮಚ. ಬ್ರೆಡ್ಡಿಗೆ ಹಚ್ಚಿ ಮತ್ತೊಂದು.

"ಕುಲುಕಿ ಬಳಸಿ ಅಂತ ಚೀಟಿ ಅಂಟಿಸು ತಾಯಿ" ಅಂದರು. "ಹಲಗೆ ಕೊಟ್ಟೆ. ಬಾಗಿಲಿನ ಪಕ್ಕದ್ದು. ಬಾಟಲಿ ಮಾತ್ರ ಹೊಸದು ತಗೋ, ಇವನು ತರೋದು ಬೇಡ."

ಅಕ್ಕ ತಲೆಯಾಡಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಕೆಮ್ಮಿಗೆ ಬಂದ ನೀರು ಅನ್ನುವ ಹಾಗೆ. ಭಾವ "ಪರವಾಗಿಲ್ಲ" ಅಂದ, ಯಾರೂ ಕೇಳದಿದ್ದರೂ. ನಾನು ಬದುಕಿದೆ ಅಂದುಕೊಂಡು ಗೋಡೆಗೆ ಒರಗಿದೆ.

ಆಗ ಯಜಮಾನರು ನನ್ನ ಕಡೆ ತಿರುಗಿದರು. ಕೋಪವೆಲ್ಲ ಇಳಿದಿತ್ತು. "ನಿಮ್ಮಕ್ಕ ಅಂಗಡಿಗೆ ಬಂದಾಗ ಹೇಳಿದ್ರಪ್ಪಾ, ನನ್ನ ತಮ್ಮ ಮೆಚ್ಚಿದ ಮೇಲೇ ನಾನು ಧೈರ್ಯ ಮಾಡಿದ್ದು ಅಂತ. ದಿನಾ ತಿನ್ನೋನು ನೀನು. ಹೇಳು, ಹಲಗೆಯಲ್ಲಿ ಎಲ್ಲಕ್ಕಿಂತ ಮುಂದೆ ಯಾವುದನ್ನ ಇಡಲಿ?"

ಎಲ್ಲರೂ ನನ್ನನ್ನೇ ನೋಡಿದರು. ಎದೆ ತಾನಾಗಿಯೇ ಉಬ್ಬಿತು, ಹಳೇ ಚಾಳಿ. "ಸಾಸಿವೆಯದ್ದು! ಕಣ್ಮುಚ್ಚಿ ಇಡಿ. ಆ ಖಾರ ಇದೆಯಲ್ಲ, ಮೂಗಿಗೆ ಏರಿ ನೆತ್ತಿಯಿಂದ ಹೊರಗೆ ಬಂದು ಮನೆಯ ಹಂಚು ಎತ್ತುತ್ತೆ!"

ಅಕ್ಕ ಸಾಸಿವೆಯ ಬಾಟಲಿ ಎತ್ತಿ ನೋಡಿದಳು.

"ಲೋ" ಅಂದಳು ಅಕ್ಕ, ನಿಧಾನವಾಗಿ. "ಸಾಸಿವೆಯದ್ದು ಸಿಹಿ ಕಣೋ. ಅದರಲ್ಲಿ ಅರ್ಧಕ್ಕರ್ಧ ಜೇನುತುಪ್ಪ. ಮೊದಲಿನಿಂದಲೂ."

"ಅಂದ್ರೆ... ಸಿಹಿಯೊಳಗಿನ ಖಾರ..."

"ಖಾರ ಇಲ್ವೇ ಇಲ್ಲ. ಭಾವನಿಗೆ ಹೊಟ್ಟೆ ಉರಿಯುತ್ತೆ ಅಂತ ನಾನು ಹಾಕೋದೇ ಇಲ್ಲ." ಅವಳು ಮೇಜು ಸುತ್ತಿ ನನ್ನ ಎದುರು ಬಂದು ನಿಂತಳು. "ನೀನು ಇದನ್ನ ತಿಂದಿದ್ದೀಯ ತಾನೇ?"

ಭಾವ ಕೆಮ್ಮಿದ. ಅದು ಅಕ್ಕನ ಕೆಮ್ಮಿನ ಹಾಗಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಗೋಡೆಯ ಸುಣ್ಣ ನೋಡತೊಡಗಿದ.

"ಇಲ್ಲ ಅಕ್ಕ" ಅಂದೆ. "ಒಂದನ್ನೂ ತಿಂದಿಲ್ಲ. ಒಂದು ಹನೀನೂ ಇಲ್ಲ. ಆ ತೊಟ್ಟಿಗೆ ಕೈ ಹಾಕಿದ ದಿನದಿಂದ ಬಾಟಲಿಯಿಂದ ಇಳಿಯೋದು ಏನು ಕಂಡ್ರೂ ಹೊಟ್ಟೆ ತೊಳೆಸುತ್ತೆ. ನಿನ್ನ ಬೆನ್ನು ತಿರುಗಿದಾಗ ನನ್ನ ಪಾಲನ್ನ ಭಾವನ ತಟ್ಟೆಗೆ ಜಾರಿಸ್ತಿದ್ದೆ. ಅವನು ತಿಂದು ಸುಮ್ಮನಿರ್ತಿದ್ದ, ನಾನು ಒಣ ಬ್ರೆಡ್ಡು ಕಚ್ಕೊಂಡು ಹೊಗಳ್ತಿದ್ದೆ. ಬೆಳಗಿನಿಂದ ಸಂಜೆವರೆಗೆ ಹಬೆಯಲ್ಲಿ ಬೆಂದು ಬಂದು ನೀನು ಒಲೆ ಮುಂದೆ ನಿಲ್ತಿದ್ದೆ ಅಲ್ವಾ, ಚೆನ್ನಾಗಿಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಚೆನ್ನಾಗಿದೆಯೋ ಇಲ್ವೋ ನನಗೆ ಗೊತ್ತೂ ಇರ್ಲಿಲ್ಲ. ಈಗಲೂ ಗೊತ್ತಿಲ್ಲ."